ಕಂಪವಾತವೂ ಮಿದುಳಿನ ರಕ್ತಸಂಚಾರವೂ

೧. ವಿಷಯ ಮತ್ತು ಪ್ರಯೋಜನ

ನಾವು ಕಂಪವಾತವೆಂದು ಹೇಳುವ, ಪಾಶ್ಚಾತ್ಯರು ಪಾರ್ಕಿನ್ಸನ್ನನ ಹೆಸರಿನಿಂದ ವ್ಯವಹರಿಸುವ ವ್ಯಾಧಿಯಲ್ಲಿ ಮಿದುಳಿನ ರಕ್ತನಾಳಗಳು ಯಾವ ವಿಕಾರಗಳನ್ನು ಹೊಂದುವುವು, ಅಲ್ಲಿಯ ರಕ್ತಪ್ರವಾಹವು ಹೇಗೆ ವ್ಯತ್ಯಾಸಪಡುವುದು ಎಂಬುದು ಈ ಲೇಖನದ ವಿಷಯ. ಸಾಹಿತ್ಯ ಶಾಸ್ತ್ರಗಳ ಚರ್ಚೆಗೆ ಮೀಸಲಾದ ಪತ್ರಿಕೆಯಲ್ಲಿ ಇಂತಹ ವಿಷಯಕ್ಕೆ ಅವಕಾಶವೇನೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಅದಕ್ಕೆ ಎರಡು ಸಮಾಧಾನಗಳುಂಟು. ಮೊದಲನೆಯದು, ಹೊಸ ಶಾಸ್ತ್ರಗಳನ್ನು ಕನ್ನಡದಲ್ಲಿ ನಿರೂಪಿಸುವಾಗ ಪದಗಳ ಅರ್ಥವನ್ನು ನಿಷ್ಕರ್ಷಿಸಿಕೊಡುವುದು ಭಾಷಾಪಂಡಿತರ ಹೊಣೆಯೇ ಆಗಿದೆ. ಎರಡನೆಯದು, ಪದಗಳ ಸಾಂಕರ್ಯದಿಂದ ಮನುಷ್ಯರ ದೇಹಕ್ಕೇ ಹಾನಿಯುಂಟಾಗಬಹುದಾದ ಸ್ಥಳಗಳಲ್ಲಿ ಇದೂ ಒಂದು. ಕಂಪವಾತ, ಪಾರ್ಶ್ವವಾಯು, ನರಗಳ ಬಲಹೀನತೆ ಎಂಬ ಮಾತುಗಳನ್ನು ಜನರು ಒಂದರ ಸ್ಥಾನದಲ್ಲಿ ಮತ್ತೊಂದನ್ನಿಟ್ಟು ಆಡುವುದುಂಟು. ಕಂಪವಾತದಲ್ಲಿ ರಕ್ತನಾಳಗಳೂ ಕೆಡುವುವೆಂಬ ಸಂಗತಿಯು ಇದರ ಮೇಲೆ ಬಂದು ಸೇರಿದರೆ, ಎರಡು ರೋಗಗಳೂ ಒಂದೇ ಎಂಬ ಭ್ರಾಂತಿಯು ಇನ್ನಷ್ಟು ಬಲಿಯುವುದು ಸಹಜ. ಆ ಭ್ರಾಂತಿಯ ನಿವಾರಣೆಯೇ ಈ ಲೇಖನದ ಪ್ರಯೋಜನ. ಲೇಖಕನು ವೈದ್ಯನಲ್ಲ, ವೈದ್ಯರು ಪ್ರಕಟಿಸಿರುವುದನ್ನು ಓದಿ, ಶಬ್ದಶಾಸ್ತ್ರ ನ್ಯಾಯಶಾಸ್ತ್ರಗಳ ಬೆಳಕಿನಲ್ಲಿ ಕ್ರಮಪಡಿಸಿ ಹೇಳುವವನು ಮಾತ್ರ.

ವಿಚಾರವು ಗಾಳಿಯಲ್ಲಿ ನಿಲ್ಲದೆ ನೆಲದ ಮೇಲೆ ನಿಲ್ಲುವುದಕ್ಕಾಗಿ ಕಲಬುರಗಿಯ ಶ್ರೀ ಶರಣಬಸವೇಶ್ವರ ದೇವಸ್ಥಾನವನ್ನು ಉದಾಹರಣಸ್ಥಾನವಾಗಿ ಇಟ್ಟುಕೊಂಡಿದ್ದೇನೆ. ನಗರದಿಂದಲೂ ಕಮಲಾಪುರವೇ ಮೊದಲಾದ ಸುತ್ತಣ ಊರುಗಳಿಂದಲೂ ಅಲ್ಲಿಗೆ ಬರುವ ವೃದ್ಧರು ನಾಲ್ಕು ಕೆಲಸಗಳನ್ನು ಮಾಡುವರು: ದರ್ಶನಕ್ಕಾಗಿ ನಿಲ್ಲುವರು, ಬಾಗಿ ನಮಸ್ಕರಿಸಿ ಏಳುವರು, ದಾಸೋಹದ ಪಂಕ್ತಿಯಲ್ಲಿ ಕುಳಿತು ಉಣ್ಣುವರು, ಉಂಡು ಎದ್ದು ಬಿಸಿಲಿಗೆ ಹೊರಡುವರು. ಆರೋಗ್ಯವಂತನಿಗೆ ಇವು ನಾಲ್ಕೂ ಲೆಕ್ಕಕ್ಕೆ ಬಾರದ ಕೆಲಸಗಳು. ಕಂಪವಾತದವನಿಗೆ ಇವು ನಾಲ್ಕೂ ಮಿದುಳಿನ ರಕ್ತಸಂಚಾರದ ನಾಲ್ಕು ಪರೀಕ್ಷೆಗಳು. ಅದು ಹೇಗೆಂಬುದು ಮುಂದೆ ತಿಳಿಯುವುದು.

೨. ಶಬ್ದವಿಚಾರ

ಮೊದಲು ರೋಗದ ಹೆಸರನ್ನು ತೆಗೆದುಕೊಳ್ಳೋಣ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಣಿಸಿರುವ ಎಂಬತ್ತು ವಾತವಿಕಾರಗಳಲ್ಲಿ ವೇಪಥುವೆಂಬುದು ಒಂದು. ಮಾಧವನಿದಾನದ ವಾತವ್ಯಾಧಿಪ್ರಕರಣವು ಅದನ್ನು ಸರ್ವಾಂಗಗಳ ಮತ್ತು ಶಿರಸ್ಸಿನ ಕಂಪವೆಂದು ವಿವರಿಸುತ್ತದೆ. ಕಂಪವಾತವೆಂಬ ಹೆಸರನ್ನು ಬಸವರಾಜೀಯವೆಂಬ ವೈದ್ಯಗ್ರಂಥಕ್ಕೆ ಸಂಬಂಧಿಸಿ ಹೇಳುವ ವಾಡಿಕೆಯುಂಟು. ಕೈಕಾಲುಗಳ ನಡುಕದೊಡನೆ ನಿದ್ರಾಭಂಗವನ್ನೂ ಬುದ್ಧಿಯ ಕ್ಷೀಣತೆಯನ್ನೂ ಅಲ್ಲಿ ಲಕ್ಷಣವಾಗಿ ಹೇಳಿದೆ. ನಡುಕವೊಂದನ್ನೇ ಹಿಡಿಯದೆ ನಿದ್ರೆಯನ್ನೂ ಬುದ್ಧಿಯನ್ನೂ ಸೇರಿಸಿದುದು ಸೂಕ್ಷ್ಮದೃಷ್ಟಿಯೆನ್ನಬೇಕು. ಏಕೆಂದರೆ ಪಾರ್ಕಿನ್ಸನ್ ರೋಗದಲ್ಲಿ ಇವೆರಡೂ ಕೆಡುವುದುಂಟೆಂದು ಇಂದಿನ ವೈದ್ಯರೂ ಒಪ್ಪಿರುವರು.

ಆದರೂ ಲಕ್ಷಣಶುದ್ಧಿಯ ದೃಷ್ಟಿಯಿಂದ ನೋಡಿದರೆ ಕಂಪವಾತವೆಂಬ ಹೆಸರಿಗೆ ಎರಡು ದೋಷಗಳೂ ತಗಲುತ್ತವೆ. ಮುಪ್ಪಿನ ನಡುಕ, ವಂಶಾನುಗತವಾಗಿ ಬರುವ ಕೈನಡುಕ, ಗಳಗ್ರಂಥಿಯ ವಿಕಾರದಿಂದಾಗುವ ನಡುಕ ಮುಂತಾದುವು ಪಾರ್ಕಿನ್ಸನ್ ರೋಗವಲ್ಲದಿದ್ದರೂ ಕಂಪಗಳೇ ಆಗಿರುವುದರಿಂದ ಅತಿವ್ಯಾಪ್ತಿ. ರೋಗಿಗಳಲ್ಲಿ ಸುಮಾರು ನಾಲ್ವರಿಗೆ ಒಬ್ಬನಲ್ಲಿ ನಡುಕವೇ ಪ್ರಧಾನವಾಗಿ ಕಾಣದೆ, ಚಲನೆಯ ಮಾಂದ್ಯವೂ ಅಂಗಗಳ ಬಿಗಿತವೂ ಮಾತ್ರ ಕಾಣುವುದರಿಂದ ಅವ್ಯಾಪ್ತಿ. ರೋಗದ ಅಸಾಧಾರಣಧರ್ಮವು ನಡುಕವಲ್ಲ, ಚಲನಮಾಂದ್ಯ. ಈ ಎಚ್ಚರಿಕೆಯನ್ನಿಟ್ಟುಕೊಂಡು, ರೂಢಿಯ ಬಲದಿಂದ ಕಂಪವಾತವೆಂಬ ಮಾತನ್ನೇ ಇಲ್ಲಿ ಬಳಸುತ್ತೇನೆ.

ಪಾರ್ಶ್ವವಾಯು, ಪಕ್ಷಾಘಾತ, ಪಕ್ಷವಧ ಎಂಬುವು ಬೇರೊಂದು ರೋಗದ ಹೆಸರುಗಳು. ಕಲಬುರಗಿಯ ಕಡೆಯ ಜನರು ಅದನ್ನು ಲಕ್ವಾ ಎನ್ನುವರು. ಇದು ಅರಬ್ಬಿಯಿಂದ ಬಂದ ಶಬ್ದ. ಮೂಲದಲ್ಲಿ ಮುಖವು ಒಂದು ಕಡೆಗೆ ಸೊಟ್ಟಗಾಗುವುದಕ್ಕೆ ಮಾತ್ರ ಹೇಳುತ್ತಿದ್ದುದು, ಇಲ್ಲಿ ಅರ್ಧಾಂಗವೇ ಬಿದ್ದುಹೋಗುವುದಕ್ಕೂ ವಿಸ್ತಾರವಾಗಿದೆ. ಪಾರ್ಶ್ವವಾಯುವು ಮಿದುಳಿನ ರಕ್ತನಾಳವು ಹಠಾತ್ತಾಗಿ ಮುಚ್ಚುವುದರಿಂದ ಅಥವಾ ಒಡೆಯುವುದರಿಂದ ಕ್ಷಣಮಾತ್ರದಲ್ಲಿ ಉಂಟಾಗತಕ್ಕದ್ದು. ಕಂಪವಾತವಾದರೋ ವರ್ಷಗಟ್ಟಲೆ ಮೆಲ್ಲಮೆಲ್ಲನೆ ಬೆಳೆಯತಕ್ಕದ್ದು.

ಇನ್ನು ನಾಳವಾಚಕ ಪದಗಳು. ಧ್ಮಾನದಿಂದ ಧಮನಿ, ಸ್ರವಣದಿಂದ ಸ್ರೋತಸ್ಸು, ಸರಣದಿಂದ ಸಿರಾ ಎಂದು ಚರಕನು ವ್ಯುತ್ಪತ್ತಿಯನ್ನು ತೋರಿಸಿದ್ದಾನೆ. ಸುಶ್ರುತನ ಶಾರೀರಸ್ಥಾನದಲ್ಲಿ ಸಿರೆಗಳು ೭೦೦, ಧಮನಿಗಳು ೨೪ ಎಂಬ ಗಣನೆಯಿದೆ. ಊದುವುದೆಂಬ ಅರ್ಥದ ಧಾತುವಿನಿಂದ ಧಮನಿಯು ಹುಟ್ಟಿದುದನ್ನು ಗ್ರೀಕರ ಪದದೊಡನೆ ಹೋಲಿಸುವುದು ಸ್ವಾರಸ್ಯವಾಗಿದೆ: ಇಂಗ್ಲಿಷಿನ ಆರ್ಟರಿ ಶಬ್ದಕ್ಕೆ ಮೂಲವಾದ ಗ್ರೀಕ್ ಪದವು ಶ್ವಾಸನಾಳಕ್ಕೂ ಸಲ್ಲುತ್ತಿತ್ತು, ಆ ನಾಳಗಳಲ್ಲಿ ವಾಯುವಿದೆಯೆಂದು ಅಲ್ಲಿಯ ಪ್ರಾಚೀನರಲ್ಲಿ ಕೆಲವರು ನಂಬಿದ್ದರು. ಕನ್ನಡದ ಪಾಠಪುಸ್ತಕಗಳು ಹೃದಯದಿಂದ ಹೊರಡುವ ನಾಳವನ್ನು ಅಪಧಮನಿಯೆಂದೂ ಹೃದಯಕ್ಕೆ ಮರಳುವುದನ್ನು ಅಭಿಧಮನಿಯೆಂದೂ ಕರೆಯುತ್ತವೆ. ಅಪ, ಅಭಿ ಎಂಬ ಉಪಸರ್ಗಗಳು ಅಗಲುವಿಕೆಯನ್ನೂ ಎದುರುಗೊಳ್ಳುವಿಕೆಯನ್ನೂ ಸೂಚಿಸುವುದರಿಂದ ಈ ಜೋಡಿಯು ಯುಕ್ತವಾಗಿದೆ. ಇವೆರಡರ ನಡುವಣ ಅತಿಸೂಕ್ಷ್ಮನಾಳಕ್ಕೆ ಲೋಮನಾಳವೆಂದು ಹೆಸರು. ಈ ಲೇಖನದ ಕಥೆಯು ಬಹುಮಟ್ಟಿಗೆ ಲೋಮನಾಳಗಳ ಕಥೆ.

ನರವೆಂಬ ಮಾತೂ ಜನರ ಬಾಯಲ್ಲಿ ತೊಡಕನ್ನುಂಟುಮಾಡುವುದು. ರಕ್ತನಾಳಕ್ಕೂ ಜ್ಞಾನತಂತುವಿಗೂ ನರವೆಂದೇ ಹೇಳುವರು. ಇಲ್ಲಿ ನರವೆಂದರೆ ಜ್ಞಾನ ಕ್ರಿಯೆಗಳನ್ನು ಒಯ್ಯುವ ತಂತುವೆಂದೇ ತಿಳಿಯಬೇಕು.

೩. ರೋಗದ ಸ್ವರೂಪ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ನನು ೧೮೧೭ರಲ್ಲಿ ಒಂದು ಸಣ್ಣ ಪ್ರಬಂಧವನ್ನು ಪ್ರಕಟಿಸಿ ಆರು ಮಂದಿ ರೋಗಿಗಳನ್ನು ವರ್ಣಿಸಿದನು. ಅವರಲ್ಲಿ ಕೆಲವರನ್ನು ಅವನು ಕಂಡುದು ಬೀದಿಯಲ್ಲಿ ಮಾತ್ರ. ೧೮೨೨ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ಕಲಬುರಗಿಯಲ್ಲಿ ದಾಸೋಹವನ್ನು ನಡೆಸುತ್ತಿದ್ದ ಕಾಲವೂ ಅದೇ ಎಂಬುದನ್ನು ಸ್ಮರಿಸಿದರೆ ಪ್ರಬಂಧದ ಪ್ರಾಚೀನತೆಯು ನಮ್ಮವರ ಮನಸ್ಸಿಗೆ ಹತ್ತುವುದು. ರೋಗಕ್ಕೆ ಪಾರ್ಕಿನ್ಸನ್ನನ ಹೆಸರನ್ನು ನಿಲ್ಲಿಸಿದವನು ಪ್ಯಾರಿಸ್ಸಿನ ಶಾರ್ಕೋ. ೧೯೧೨ರಲ್ಲಿ ಲೆವಿ ಎಂಬವನು ರೋಗಿಗಳ ಮಿದುಳಿನ ಜೀವಕೋಶಗಳಲ್ಲಿ ಗುಂಡಾದ ಕಣಗಳನ್ನು ಕಂಡನು. ೧೯೧೯ರಲ್ಲಿ ಟ್ರೆಟ್ಯಾಕಾಫ್ ಎಂಬವನು, ನಡುಮಿದುಳಿನಲ್ಲಿ ಕಪ್ಪಗೆ ಕಾಣುವ ಕೃಷ್ಣದ್ರವ್ಯವೆಂಬ ಭಾಗವು ಈ ರೋಗದಲ್ಲಿ ನಷ್ಟವಾಗಿರುವುದೆಂದು ತೋರಿಸಿದನು.

ಕೃಷ್ಣದ್ರವ್ಯದ ನರಕೋಶಗಳು ಡೋಪಮೈನ್ ಎಂಬ ರಸವನ್ನು ತಯಾರಿಸಿ, ಮಿದುಳಿನ ಆಳದಲ್ಲಿರುವ ರೇಖಾಪಿಂಡವೆನ್ನಬಹುದಾದ ಸ್ಥಾನಕ್ಕೆ ಕಳುಹಿಸುತ್ತವೆ. ಈ ರಸವು ಚಲನೆಗೆ ಆವಶ್ಯಕವೆಂಬುದನ್ನು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ೧೯೫೭ರ ಪ್ರಯೋಗಗಳಿಂದ ಹೊರಪಡಿಸಿದನು. ರೋಗಿಗಳ ಮಿದುಳಿನಲ್ಲಿ ಅದು ಬಹಳವಾಗಿ ಕಡಮೆಯಾಗಿರುವುದನ್ನು ವಿಯೆನ್ನಾದ ಏರಿಂಗರ್, ಹಾರ್ನಿಕೀವಿಟ್ಸ್ ಎಂಬವರು ೧೯೬೦ರಲ್ಲಿ ತೋರಿಸಿದರು. ೧೯೯೭ರಲ್ಲಿ ಲೆವಿಯ ಕಣಗಳ ಮುಖ್ಯದ್ರವ್ಯವು ಆಲ್ಫಾ ಸೈನೂಕ್ಲಿನ್ ಎಂಬ ಪ್ರೋಟೀನು ಎಂದು ತಿಳಿದುಬಂದಿತು. ಆದಕಾರಣ ಕಂಪವಾತವು ಮೂಲತಃ ನರಕೋಶಗಳ ಕ್ಷಯವೆಂದು ಅಂಗೀಕೃತವಾಗಿದೆ. ಹಾಗಿದ್ದರೆ ರಕ್ತನಾಳಗಳ ಪ್ರಸ್ತಾಪವೆಲ್ಲಿಂದ ಬಂದಿತು? ಅದನ್ನು ಹೇಳುವ ಮುನ್ನ ಸ್ವಸ್ಥ ಮಿದುಳಿನ ರಕ್ತಸಂಚಾರವನ್ನು ತಿಳಿಯಬೇಕು.

೪. ಸ್ವಸ್ಥ ಮಿದುಳಿನ ರಕ್ತಸಂಚಾರ

ರಕ್ತವು ದೇಹದಲ್ಲಿ ಚಕ್ರಾಕಾರವಾಗಿ ಸಂಚರಿಸುವುದೆಂದು ವಿಲಿಯಮ್ ಹಾರ್ವೆ ೧೬೨೮ರಲ್ಲಿ ಪ್ರತಿಪಾದಿಸಿದನು. ಅಪಧಮನಿಯಿಂದ ಅಭಿಧಮನಿಗೆ ರಕ್ತವು ದಾಟುವ ಲೋಮನಾಳಗಳನ್ನು ಮಾಲ್ಪಿಗಿ ೧೬೬೧ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಕಂಡನು. ಮಿದುಳಿನ ಬುಡದಲ್ಲಿ ಅಪಧಮನಿಗಳು ಕೂಡಿ ಬಳೆಯಂತಾಗಿರುವುದನ್ನು ಥಾಮಸ್ ವಿಲ್ಲಿಸ್ ೧೬೬೪ರಲ್ಲಿ ವರ್ಣಿಸಿದನು.

ಮಿದುಳಿನ ತೂಕವು ದೇಹದ ತೂಕದಲ್ಲಿ ನೂರಕ್ಕೆ ಸುಮಾರು ೨ ಪಾಲು. ಆದರೆ ಹೃದಯವು ಹೊರಡಿಸುವ ರಕ್ತದಲ್ಲಿ ನೂರಕ್ಕೆ ಸುಮಾರು ೧೫ ಪಾಲನ್ನೂ, ದೇಹವು ವ್ಯಯಮಾಡುವ ಆಮ್ಲಜನಕದಲ್ಲಿ ಸುಮಾರು ೨೦ ಪಾಲನ್ನೂ ಅದೊಂದೇ ತೆಗೆದುಕೊಳ್ಳುತ್ತದೆ. ಪ್ರತಿ ೧೦೦ ಗ್ರಾಮ್ ಮಿದುಳಿಗೆ ನಿಮಿಷಕ್ಕೆ ಸುಮಾರು ೫೦ ಮಿಲಿಲೀಟರ್ ರಕ್ತವು ಸಲ್ಲುವುದು. ಜೀವಂತ ಮನುಷ್ಯನಲ್ಲಿ ಈ ಪ್ರಮಾಣವನ್ನು ಅಳೆಯುವ ಕ್ರಮವನ್ನು ಕೆಟಿ, ಷ್ಮಿಟ್ ಎಂಬ ಅಮೆರಿಕದ ವಿದ್ವಾಂಸರು ೧೯೪೫ರ ಹೊತ್ತಿಗೆ ರೂಪಿಸಿದರು. ಮಿದುಳಿನ ಲೋಮನಾಳಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ಎಳೆದರೆ ಸುಮಾರು ೬೦೦ ಕಿಲೋಮೀಟರ್ ಆಗುವುದೆಂದು ಹೇಳುವರು. ಅಂದರೆ ಕಲಬುರಗಿಯಿಂದ ಬೆಂಗಳೂರಿಗಿರುವ ದಾರಿಗೆ ಸರಿಸುಮಾರು ಸಮ. ಒಂದೊಂದರ ಅಗಲವಾದರೋ ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಏಳೆಂಟು ಪಾಲು ಮಾತ್ರ.

ಈ ಲೋಮನಾಳಗಳಿಗೆ ಮೂರು ವಿಶೇಷಗಳುಂಟು. ಒಂದನೆಯದು, ಇವುಗಳ ಒಳಗೋಡೆಯ ಕೋಶಗಳು ಸಂದಿಲ್ಲದಂತೆ ಹೆಣೆದುಕೊಂಡು, ರಕ್ತದಲ್ಲಿರುವ ಅನೇಕ ವಸ್ತುಗಳನ್ನು ಮಿದುಳಿಗೆ ಹೋಗಗೊಡದೆ ತಡೆಯುತ್ತವೆ. ಇದನ್ನು ರಕ್ತ-ಮಿದುಳಿನ ತಡೆಯೆನ್ನೋಣ. ಕಂಪವಾತದ ಚಿಕಿತ್ಸೆಯೇ ಇದಕ್ಕೆ ನಿದರ್ಶನ: ಡೋಪಮೈನ್ ಈ ತಡೆಯನ್ನು ದಾಟಲಾರದು; ಅದರ ಪೂರ್ವರೂಪವಾದ ಲೆವೊಡೋಪ ದಾಟಬಲ್ಲುದು; ಆದುದರಿಂದ ರೋಗಿಗೆ ಕೊಡುವುದು ಲೆವೊಡೋಪವನ್ನು. ಎರಡನೆಯದು, ಲೋಮನಾಳವನ್ನು ಹೊರಗಡೆ ತಬ್ಬಿಕೊಂಡಿರುವ ಪರಿಕೋಶಗಳೂ ಅವುಗಳ ಆಚೆಯ ಪೋಷಕಕೋಶಗಳೂ ನಾಳವನ್ನು ಕಾಪಾಡುತ್ತವೆ. ಮೂರನೆಯದು, ಮಿದುಳಿನ ಯಾವ ಭಾಗವು ಕೆಲಸಮಾಡುವುದೋ ಆ ಭಾಗಕ್ಕೆ ಆಗಲೇ ರಕ್ತವು ಹೆಚ್ಚಾಗಿ ಹರಿಯುವುದು. ಹೊಲದಲ್ಲಿ ಬಾಯಾರಿದ ಪಾತಿಗೆ ನೀರನ್ನು ತಿರುಗಿಸುವಂತೆ ಈ ಹಂಚಿಕೆಯು ಪ್ರತಿಕ್ಷಣವೂ ನಡೆಯುವುದು. ಡೋಪಮೈನಿನ ನರತಂತುಗಳು ಮಿದುಳಿನ ಹೊರಪದರದ ಸೂಕ್ಷ್ಮನಾಳಗಳ ಗೋಡೆಯವರೆಗೂ ಹೋಗಿ ಅವುಗಳ ಅಗಲವನ್ನು ನಿಯಮಿಸಬಲ್ಲುವೆಂದು ಕ್ರೈಮರ್ ಮತ್ತು ಸಂಗಡಿಗರು ೧೯೯೮ರಲ್ಲಿ ತೋರಿಸಿದರು. ಇದು ಮುಂದಿನ ವಿಚಾರಕ್ಕೆ ಮುಖ್ಯವಾದ ಅಂಶ.

೫. ನಾಳಗಳಲ್ಲಿ ಕಂಡುಬಂದ ವಿಕಾರಗಳು

ಮೃತರಾದ ರೋಗಿಗಳ ಮಿದುಳನ್ನು ಪರೀಕ್ಷಿಸಿದ ಪಂಡಿತರ ವಾಕ್ಯಗಳು ಮೊದಲ ನೋಟಕ್ಕೆ ಪರಸ್ಪರವಿರುದ್ಧವಾಗಿ ತೋರುತ್ತವೆ. ೧೯೯೯ರಲ್ಲಿ ಪ್ಯಾರಿಸ್ಸಿನ ಫೋಶ್ಯೂ ಮತ್ತು ಸಂಗಡಿಗರು, ಕೃಷ್ಣದ್ರವ್ಯದಲ್ಲಿ ನಾಳದ ಒಳಗೋಡೆಯ ಕೋಶಗಳ ಬೀಜಗಳು ಸ್ವಸ್ಥರಲ್ಲಿರುವುದಕ್ಕಿಂತ ಹೆಚ್ಚಾಗಿವೆಯೆಂದು ಪ್ರಕಟಿಸಿದರು. ಹೊಸ ನಾಳಗಳು ಹುಟ್ಟಿರಬಹುದೆಂದು ಇದರಿಂದ ಊಹಿಸಲವಕಾಶವಾಯಿತು. ೨೦೧೩ರಲ್ಲಿ ನ್ಯೂಜಿಲೆಂಡಿನ ಗುವಾನ್ ಮತ್ತು ಸಂಗಡಿಗರಾದರೋ ಕೃಷ್ಣದ್ರವ್ಯ, ಮಿದುಳುಕಾಂಡದ ಕೆಲವು ನರಕೇಂದ್ರಗಳು, ಮುಂಭಾಗದ ಹೊರಪದರ ಇವುಗಳಲ್ಲಿ ಲೋಮನಾಳಗಳು ಸಂಖ್ಯೆಯಲ್ಲಿ ಕಡಮೆಯಾಗಿ, ಉದ್ದದಲ್ಲಿ ಮೊಟಕಾಗಿ, ಅಗಲದಲ್ಲಿ ಹಿಗ್ಗಿ, ಕವಲುಗಳನ್ನು ಕಳೆದುಕೊಂಡಿವೆಯೆಂದು ವರದಿಮಾಡಿದರು.

ಒಬ್ಬರು ಹೆಚ್ಚೆನ್ನುವರು, ಇನ್ನೊಬ್ಬರು ಕಡಮೆಯೆನ್ನುವರು. ಎರಡು ಪ್ರಮಾಣವಾಕ್ಯಗಳು ವಿರೋಧಿಸಿದಂತೆ ತೋರಿದಾಗ ವಿಷಯಭೇದವನ್ನು ಹುಡುಕಬೇಕೆಂಬುದು ಮೀಮಾಂಸಕರ ಪದ್ಧತಿ. ಇಲ್ಲಿಯೂ ವಿಷಯಭೇದವುಂಟು. ಮೊದಲನೆಯವರು ಎಣಿಸಿದುದು ಕೋಶಬೀಜಗಳನ್ನು. ಎರಡನೆಯವರು ಅಳೆದುದು ನಾಳಗಳ ಜಾಲವನ್ನು. ನಾಳವು ತುಂಡುತುಂಡಾದಾಗ ಅದರ ಕೋಶಗಳು ಅಲ್ಲಲ್ಲಿ ಗುಂಪುಗೂಡಿ ನಿಲ್ಲಬಹುದೆಂದು ಗುವಾನ್ ಮೊದಲಾದವರೇ ಸೂಚಿಸಿರುವರು. ಒಡೆದ ಸರದ ಮಣಿಗಳನ್ನು ಮಾತ್ರ ಎಣಿಸಿದರೆ ಸರವು ಹೆಚ್ಚಿದಂತೆ ಕಾಣಬಹುದು. ದಾರವನ್ನು ಹಿಡಿದು ನೋಡಿದರೆ ಸರವೇ ಇಲ್ಲ.

ಉಳಿದ ವಿಕಾರಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಫಾರ್ಕಶ್ ಮತ್ತು ಸಂಗಡಿಗರು ೨೦೦೦ದಲ್ಲಿ, ಹೊರಪದರದ ಲೋಮನಾಳಗಳ ಆಧಾರಪೊರೆಯು ದಪ್ಪನಾಗುವುದೂ ಅದರಲ್ಲಿ ನಾರು ಸೇರುವುದೂ ಈ ರೋಗದಲ್ಲಿ ಹೆಚ್ಚೆಂದು ಕಂಡರು. ಯಾಂಗ್ ಮೊದಲಾದವರು ೨೦೧೫ರಲ್ಲಿ, ಕೋಶಗಳು ಸತ್ತುಹೋಗಿ ಬರಿಯ ಪೊರೆ ಮಾತ್ರ ನೂಲಿನಂತೆ ಉಳಿದ ನಾಳಗಳು ಹೆಚ್ಚಾಗಿರುವುದನ್ನು ತೋರಿಸಿದರು. ಇವುಗಳಲ್ಲಿ ರಕ್ತವು ಹರಿಯಲಾರದು. ನೀರು ಬತ್ತಿದ ಕಾಲುವೆಯ ಗುರುತಿನಂತೆ ಇವು ನಿಂತಿರುವುವು. ರಕ್ತ-ಮಿದುಳಿನ ತಡೆಯೂ ಶಿಥಿಲವಾಗುವುದೆಂಬುದಕ್ಕೆ ಎರಡು ಬಗೆಯ ಸಾಕ್ಷ್ಯಗಳಿವೆ: ೨೦೦೫ರಲ್ಲಿ ನೆದರ್ಲೆಂಡಿನ ಕೋರ್ಟೆಕಾಸ್ ಮತ್ತು ಸಂಗಡಿಗರು ಜೀವಂತ ರೋಗಿಗಳ ನಡುಮಿದುಳಿನಲ್ಲಿ, ತಡೆಯು ಹೊರಗಟ್ಟಬೇಕಾಗಿದ್ದ ಔಷಧವು ಹೆಚ್ಚಾಗಿ ಸೇರುವುದನ್ನು ಕಂಡರು, ೨೦೧೫ರಲ್ಲಿ ಗ್ರೇ, ವುಲ್ಫ್ ಎಂಬವರು ಮೃತರ ರೇಖಾಪಿಂಡದಲ್ಲಿ ರಕ್ತದ ಅಂಶಗಳು ಸೋರಿರುವುದನ್ನು ಕಂಡರು.

೬. ಪ್ರವಾಹದ ವ್ಯತ್ಯಾಸಗಳು

ನಾಳವು ಬೇರೆ, ಪ್ರವಾಹವು ಬೇರೆ. ಮೃತನಲ್ಲಿ ನಾಳವನ್ನು ನೋಡಬಹುದು. ಪ್ರವಾಹವನ್ನು ಬದುಕಿರುವವನಲ್ಲಿಯೇ ನೋಡಬೇಕು. ಈಗ ರಕ್ತದಲ್ಲಿರುವ ನೀರನ್ನೇ ಕಾಂತಶಕ್ತಿಯಿಂದ ಗುರುತುಮಾಡಿ, ಅದು ಮಿದುಳಿನ ಯಾವ ಭಾಗಕ್ಕೆ ಎಷ್ಟು ತಲುಪಿತೆಂದು ಅಳೆಯುವ ಕ್ರಮವುಂಟು. ಸೂಜಿ ಔಷಧಗಳ ಗೊಡವೆಯಿಲ್ಲ. ಈ ಕ್ರಮದಿಂದ ಮೆಲ್ಜರ್ ಮತ್ತು ಸಂಗಡಿಗರು ೨೦೧೧ರಲ್ಲಿ, ಕಂಪವಾತದವರ ಮಿದುಳಿನ ಹಿಂಭಾಗದ ಹೊರಪದರದಲ್ಲಿ ರಕ್ತಪ್ರವಾಹವು ಕಡಮೆಯಾಗಿಯೂ, ಚಲನೆಗೆ ಸಂಬಂಧಿಸಿದ ಆಳದ ಕೆಲವು ಪಿಂಡಗಳಲ್ಲಿ ಬಹುಮಟ್ಟಿಗೆ ಉಳಿದೂ ಇರುವುದನ್ನು ಕಂಡರು. ೨೦೧೪ರಲ್ಲಿ ಇಂಗ್ಲೆಂಡಿನ ಅಲ್ ಬಚಾರಿ ಮೊದಲಾದವರು ರಕ್ತವು ಮಿದುಳಿನ ಅಂಗಾಂಶಕ್ಕೆ ಬಂದು ಮುಟ್ಟುವ ಕಾಲವೇ ದೀರ್ಘವಾಗಿರುವುದನ್ನು ತೋರಿಸಿದರು.

ಚಿಕಿತ್ಸೆಯು ಇದರ ಮೇಲೆ ಮಾಡುವ ಪರಿಣಾಮವು ಇನ್ನೂ ವಿಚಿತ್ರವಾದುದು. ಮಿದುಳಿನ ಒಂದು ಭಾಗವು ಶಕ್ತಿಯನ್ನು ಹೆಚ್ಚು ವ್ಯಯಮಾಡಿದರೆ ಅಲ್ಲಿ ರಕ್ತವೂ ಹೆಚ್ಚುವುದು, ಕಡಮೆ ವ್ಯಯಮಾಡಿದರೆ ರಕ್ತವೂ ಇಳಿಯುವುದು ಎಂಬುದು ಸಾಮಾನ್ಯನಿಯಮ. ೨೦೦೮ರಲ್ಲಿ ಹಿರಾನೊ ಮತ್ತು ಸಂಗಡಿಗರು, ಲೆವೊಡೋಪವನ್ನು ಕೊಟ್ಟಾಗ ಚಲನೆಗೆ ಸಂಬಂಧಿಸಿದ ಕೆಲವು ಭಾಗಗಳಲ್ಲಿ ಶಕ್ತಿವ್ಯಯವು ಇಳಿದರೂ ರಕ್ತಪ್ರವಾಹವು ಏರುವುದನ್ನು ಕಂಡರು. ಔಷಧದಿಂದ ಅನೈಚ್ಛಿಕ ಚಲನೆಗಳು ಬಂದ ರೋಗಿಗಳಲ್ಲಿ ಈ ವೈಪರೀತ್ಯವು ಹೆಚ್ಚು. ಬೇಡಿಕೆಗೂ ಪೂರೈಕೆಗೂ ಇರುವ ಸಂಬಂಧವು ಇಲ್ಲಿ ಸಡಿಲುವುದು. ಆದುದರಿಂದ ರೋಗಿಯ ಮಿದುಳಿನಲ್ಲಿ ಕಂಡ ರಕ್ತಪ್ರವಾಹದ ವ್ಯತ್ಯಾಸದಲ್ಲಿ ರೋಗದ ಪಾಲೆಷ್ಟು, ಔಷಧದ ಪಾಲೆಷ್ಟು ಎಂದು ವಿಂಗಡಿಸಿಯೇ ಮುಂದುವರಿಯಬೇಕಾಗಿದೆ.

೭. ಕಾರ್ಯಕಾರಣಭಾವ

ಇಲ್ಲಿ ಪೂರ್ವಪಕ್ಷವು ಹೀಗೆ ಏಳುವುದು: ನಾಳಗಳು ಕೆಟ್ಟಿವೆ, ನರಕೋಶಗಳು ಸತ್ತಿವೆ, ರಕ್ತವಿಲ್ಲದೆ ಕೋಶವು ಬದುಕದು, ಆದುದರಿಂದ ನಾಳದ ಕೇಡೇ ಕಂಪವಾತಕ್ಕೆ ಕಾರಣ, ರಕ್ತವನ್ನು ತೆಳುಮಾಡುವ ಔಷಧದಿಂದ ರೋಗವು ನೀಗುವುದು.

ಈ ವಾದವು ಸಹಚಾರವನ್ನೇ ಕಾರಣತ್ವವೆಂದು ಭ್ರಮಿಸಿದೆ. ಎರಡು ವಸ್ತುಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಕಾರಣವು ನಿಯತವಾಗಿ ಪೂರ್ವದಲ್ಲಿರಬೇಕು, ಅನ್ಯಥಾಸಿದ್ಧವಾಗಿರಬಾರದು. ಮೃತರ ಮಿದುಳು ರೋಗದ ಕೊನೆಯ ಘಟ್ಟವನ್ನು ತೋರಿಸುವುದೇ ಹೊರತು ಆರಂಭವನ್ನು ತೋರಿಸದು. ಆದುದರಿಂದ ಪೂರ್ವವೃತ್ತಿತ್ವವು ಸಿದ್ಧವಾಗಿಲ್ಲ. ಆಧಾರಪೊರೆಯ ದಪ್ಪವು ಆಲ್ಝೈಮರ್ ರೋಗದಲ್ಲಿಯೂ ಕಾಣುವುದೆಂದು ಫಾರ್ಕಶ್ ಮೊದಲಾದವರು ಹೇಳಿರುವರು. ರೇಖಾಪಿಂಡದ ಒಂದು ಭಾಗದಲ್ಲಿ ಕಂಡ ನಾಳದ ಕೇಡು ಸಮವಯಸ್ಕರಾದ ನೀರೋಗಿಗಳಲ್ಲಿಯೂ ಇತ್ತೆಂದು ಗುವಾನ್ ಮೊದಲಾದವರು ಹೇಳಿರುವರು. ಕಂಪವಾತವಿಲ್ಲದೆಡೆಯಲ್ಲಿಯೂ ಹೇತುವು ಕಾಣುವುದರಿಂದ ವ್ಯಭಿಚಾರ. ಅಲ್ಲದೆ ನಾಳಗಳನ್ನು ನಿಯಮಿಸುವ ಡೋಪಮೈನ್ ತಂತುಗಳೇ ನಷ್ಟವಾದಾಗ ನಾಳಗಳು ಕೆಡುವುದು ಸಂಭಾವ್ಯವಾದುದರಿಂದ, ಕಾರ್ಯವನ್ನೇ ಕಾರಣವೆಂದು ಗ್ರಹಿಸಿರುವ ಶಂಕೆಯೂ ಇದೆ.

ಒಂದೇ ಅಂಶವನ್ನು ಹಿಡಿದು ಕಾರಣವನ್ನು ನಿರ್ಣಯಿಸಬಾರದೆಂಬುದಕ್ಕೆ ಕರ್ಣಾಟಕದಲ್ಲಿಯೇ ನಡೆದ ಒಂದು ಶೋಧನೆಯು ಒಳ್ಳೆಯ ದೃಷ್ಟಾಂತ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮುಠಾಣೆ, ಯಶಾ, ಶಂಕರ್ ಎಂಬ ವಿದ್ವಾಂಸರು ಸ್ವಸ್ಥರಾಗಿದ್ದ ಭಾರತೀಯರ ಮಿದುಳುಗಳಲ್ಲಿ ಕೃಷ್ಣದ್ರವ್ಯದ ಕಪ್ಪು ನರಕೋಶಗಳನ್ನು ಎಣಿಸಿ ೧೯೯೮ರಲ್ಲಿ ಪ್ರಕಟಿಸಿದರು. ಆ ಸಂಖ್ಯೆಯು ಬ್ರಿಟನ್ನಿನವರ ಮಿದುಳುಗಳಲ್ಲಿರುವುದಕ್ಕಿಂತ ಕಡಮೆಯಾಗಿತ್ತು. ಆದರೆ ವಯಸ್ಸಾದಂತೆ ಇಳಿದಿರಲಿಲ್ಲ. ಆ ಜನರಿಗೆ ಕಂಪವಾತವೂ ಇರಲಿಲ್ಲ. ಕೋಶಗಳ ಸಂಖ್ಯೆಯು ಕಡಮೆಯಿರುವುದೊಂದೇ ರೋಗವನ್ನು ತಾರದೆಂದು ಇದರಿಂದ ತಿಳಿಯುವುದು. ನರಕೋಶದ ವಿಷಯದಲ್ಲಿಯೇ ಹೀಗಾದರೆ ನಾಳದ ವಿಷಯದಲ್ಲಿ ಎಷ್ಟು ಎಚ್ಚರಿಕೆಯಿರಬೇಕು!

ಹಾಗಾದರೆ ನಾಳದ ಕೇಡು ನಿಷ್ಫಲವೇ? ಅಲ್ಲ. ತಡೆಯು ಸೋರಿದರೆ ರಕ್ತದ ಹಾನಿಕರ ವಸ್ತುಗಳು ಒಳಗೆ ಬರುವುವು; ಲೋಮನಾಳಗಳು ನಶಿಸಿದರೆ ಉಳಿದ ನರಕೋಶಗಳಿಗೆ ಪೋಷಣೆಯು ಕುಗ್ಗುವುದು; ನರಕೋಶಗಳು ಕುಗ್ಗಿದರೆ ನಾಳಗಳ ನಿಯಮನವು ಮತ್ತೆ ಕೆಡುವುದು. ಬೀಜಾಂಕುರನ್ಯಾಯದಿಂದ ಒಂದು ಮತ್ತೊಂದನ್ನು ಬೆಳೆಯಿಸುವುದೆಂದು ಹೇಳಬಹುದು. ಆದಕಾರಣ ನಾಳವಿಕಾರವನ್ನು ಸಹಕಾರಿಕಾರಣವಾಗಿರಬಹುದಾದದ್ದೆಂದು ಒಪ್ಪಿ, ಮುಖ್ಯಕಾರಣವೆಂದು ಹೇಳದಿರುವುದೇ ಈಗಿನ ಪ್ರಮಾಣಗ��ಿಗೆ ಅನುಗುಣವಾದ ಸಿದ್ಧಾಂತ.

ರಕ್ತನಾಳದ ಕೇಡೇ ಮುಖ್ಯಕಾರಣವಾದ ಇನ್ನೊಂದು ವ್ಯಾಧಿಯೂ ಉಂಟೆಂಬುದನ್ನು ಮರೆಯಬಾರದು. ಮಿದುಳಿನ ಆಳದ ಸಣ್ಣ ಅಪಧಮನಿಗಳು ಮುಚ್ಚಿದುದರಿಂದ ಕಂಪವಾತದಂತೆಯೇ ತೋರುವ ಸ್ಥಿತಿಯನ್ನು ಲಂಡನ್ನಿನ ಕ್ರಿಚ್ಲಿ ೧೯೨೯ರಲ್ಲಿ ವರ್ಣಿಸಿದನು. ಅದರಲ್ಲಿ ಕಾಲುಗಳು ಮುಖ್ಯವಾಗಿ ತೊಡಕುವುವು, ಹೆಜ್ಜೆಗಳು ಸಣ್ಣವಾಗುವುವು, ಕೈನಡುಕವು ಅಲ್ಪ, ಲೆವೊಡೋಪದಿಂದ ಗುಣವೂ ಸಾಮಾನ್ಯವಾಗಿ ಅಲ್ಪ. ಇದನ್ನು ನಾಳಜನ್ಯ ಕಂಪವಾತಾಭಾಸವೆಂದು ಕರೆಯಬಹುದು. ಹೇತುವಿನಂತೆ ತೋರಿ ಹೇತುವಲ್ಲದುದನ್ನು ಹೇತ್ವಾಭಾಸವೆಂದ ಹಾಗೆ.

೮. ನಿಲ್ಲುವಿಕೆ, ನಮಸ್ಕಾರ, ಭೋಜನ, ಬಿಸಿಲು

ಮೊದಲು ಹೇಳಿದ ನಾಲ್ಕು ಕೆಲಸಗಳಿಗೆ ಈಗ ಬರೋಣ. ಮನುಷ್ಯನು ಎದ್ದು ನಿಂತೊಡನೆ ಭೂಮಿಯ ಆಕರ್ಷಣೆಯಿಂದ ಅರ್ಧ ಲೀಟರಿಗೂ ಮೇಲ್ಪಟ್ಟ ರಕ್ತವು ಹೊಟ್ಟೆಗೂ ಕಾಲುಗಳಿಗೂ ಇಳಿಯುವುದು. ಕೊರಳಿನ ಅಪಧಮನಿಯಲ್ಲಿಯೂ ಹೃದಯದ ಮೇಲಣ ಮಹಾಧಮನಿಯ ಕಮಾನಿನಲ್ಲಿಯೂ ಇರುವ ಒತ್ತಡಗ್ರಾಹಿಗಳು ಇದನ್ನು ಕೂಡಲೆ ತಿಳಿದು, ನರಗಳ ಮೂಲಕ ಕಾಲಿನ ನಾಳಗಳನ್ನು ಬಿಗಿದು ಹೃದಯವನ್ನು ಚುರುಕುಗೊಳಿಸುತ್ತವೆ. ಮಿದುಳಿಗೆ ರಕ್ತವು ಕಡಮೆಯಾಗದು. ಕಂಪವಾತದಲ್ಲಿ ಮಿದುಳಿನ ಹೊರಗಣ ಈ ನರಗಳೂ, ಹೃದಯಕ್ಕೆ ಹೋಗುವ ನರಗಳೂ ಕ್ಷಯಿಸುತ್ತವೆ. ಆದುದರಿಂದ ನಾಳಗಳು ಬಿಗಿಯವು, ಒತ್ತಡವು ಕುಸಿಯುವುದು. ನಿಂತ ಮೂರು ನಿಮಿಷಗಳೊಳಗೆ ಮೇಲಣ ಒತ್ತಡವು ೨೦ರಷ್ಟಾಗಲಿ ಕೆಳಗಣ ಒತ್ತಡವು ೧೦ರಷ್ಟಾಗಲಿ ಇಳಿದರೆ ಇದನ್ನು ರೋಗವೆಂದು ಎಣಿಸುವರು, ಉತ್ಥಾನಕಾಲದ ಒತ್ತಡಕುಸಿತವೆನ್ನೋಣ. ಕಂಪವಾತದವರಲ್ಲಿ ಸುಮಾರು ಮೂವರಿಗೊಬ್ಬರಲ್ಲಿ ಇದು ಕಾಣುವುದು. ಕಣ್ಣು ಕತ್ತಲೆಗಟ್ಟುವುದು, ತಲೆ ಹಗುರವಾಗುವುದು, ಕತ್ತು ಹೆಗಲುಗಳಲ್ಲಿ ನೋವು, ಬುದ್ಧಿಯು ಮಂಕಾಗುವುದು, ಕೊನೆಗೆ ಬೀಳುವುದು: ಇವು ಲಕ್ಷಣಗಳು. ಕೆಲವರಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಬೀಳುವುದೊಂದೇ ಲಕ್ಷಣ.

ದರ್ಶನದ ಸಾಲಿನಲ್ಲಿ ಬಹಳ ಹೊತ್ತು ನಿಂತವನಿಗೆ ರಕ್ತವು ಕಾಲಿಗಿಳಿಯುವುದು ಮೊದಲನೆಯ ಪರೀಕ್ಷೆ. ನಮಸ್ಕರಿಸಿ ಥಟ್ಟನೆ ಏಳುವುದು ಎರಡನೆಯದು. ಪುಷ್ಕಳವಾದ ಭೋಜನವಾದ ಮೇಲೆ ರಕ್ತವು ಕರುಳಿನ ಕಡೆಗೆ ತಿರುಗುವುದು ಮೂರನೆಯದು. ಊಟದ ಅನಂತರದ ಒಂದೆರಡು ತಾಸುಗಳಲ್ಲಿ ಒತ್ತಡವು ಕುಸಿಯುವುದು ಈ ರೋಗಿಗಳಲ್ಲಿ ಹೆಚ್ಚು. ಬಿಸಿಲಿನಿಂದ ಚರ್ಮದ ನಾಳಗಳು ಹಿಗ್ಗಿ, ಬೆವರಿನಿಂದ ದೇಹದ ನೀರು ಕಳೆಯುವುದು ನಾಲ್ಕನೆಯದು. ಶರಣಬಸವೇಶ್ವರರ ರಥೋತ್ಸವವು ಹೋಳಿಹುಣ್ಣಿಮೆಯ ಅನಂತರದ ಐದನೆಯ ದಿನ ನಡೆಯುವುದು. ಆಗಲೇ ಕಲಬುರಗಿಯ ಬಿಸಿಲು ಬಲಿತಿರುವುದು. ಚೈತ್ರ ವೈಶಾಖಗಳಲ್ಲಿ ಅದು ೪೦ ಡಿಗ್ರಿಯನ್ನು ಮೀರುವುದು ವಾಡಿಕೆ. ಅಂತಹ ದಿನ ಪ್ರಾಕಾರದಲ್ಲಿ ವೃದ್ಧನೊಬ್ಬನು ಕುಸಿದರೆ ನೋಡಿದವರು ಲಕ್ವಾ ಹೊಡೆಯಿತೆನ್ನುವರು, ಇಲ್ಲವೆ ಕಂಪವಾತದವನ ಕಾಲು ತೊಡಕಿತೆನ್ನುವರು. ಆಗಿರಬಹುದಾದ ಮೂರನೆಯ ಸಂಗತಿಯು ಯಾರಿಗೂ ಹೊಳೆಯದು.

ಮೂರಕ್ಕೂ ಕರ್ತವ್ಯವು ಬೇರೆಬೇರೆ. ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದುಹೋಗಿ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಗುರುತು. ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ಗರಣೆಯನ್ನು ಕರಗಿಸುವ ಔಷಧವು ಸಾಮಾನ್ಯವಾಗಿ ನಾಲ್ಕೂವರೆ ತಾಸುಗಳೊಳಗೆ ಮಾತ್ರ ಸಲ್ಲುವುದು. ಅದನ್ನು ಹಳೆಯ ಕಂಪವಾತವೆಂದು ಉಪೇಕ್ಷಿಸಿದರೆ ಆ ಕಾಲವು ಮೀರಿಹೋಗುವುದು. ಒತ್ತಡದ ಕುಸಿತವಾದರೆ ನೆಲದ ಮೇಲೆ ಮಲಗಿಸಿ ಕಾಲುಗಳನ್ನು ಎತ್ತಿ ಹಿಡಿದರೆ ಬಹುಮಟ್ಟಿಗೆ ಕೆಲವು ನಿಮಿಷಗಳಲ್ಲಿ ಚೇತರಿಕೆ ಬರುವುದು. ಹಿಡಿದೆತ್ತಿ ಕುರ್ಚಿಯಲ್ಲಿ ಕುಳ್ಳಿರಿಸುವುದು ವಿಪರೀತಫಲಕ್ಕೆ ಕಾರಣ. ಬೀಳುವ ಪ್ರಕೃತಿಯವನಿಗೆ ರಕ್ತನಾಳದ ರೋಗವೆಂಬ ಮಾತನ್ನು ಕೇಳಿದ ಮಾತ್ರಕ್ಕೆ ರಕ್ತವನ್ನು ತೆಳುಮಾಡುವ ಔಷಧವನ್ನು ಕೊಟ್ಟರೆ, ತಲೆಗೆ ಪೆಟ್ಟಾದಾಗ ಮಿದುಳಿನೊಳಗೆ ರಕ್ತಸ್ರಾವವಾಗುವ ಭಯವುಂಟು. ಪದವೊಂದರ ಅವಿವೇಕದಿಂದ ಪ್ರಾಣಹಾನಿಯೆಂದು ಮೊದಲು ಹೇಳಿದುದು ಅತಿಶಯೋಕ್ತಿಯಲ್ಲ.

ನಿವಾರಣೋಪಾಯಗಳು ಸುಲಭವಾದುವು. ಮಲಗಿದ್ದವನು ಮೊದಲು ಕುಳಿತು, ಸ್ವಲ್ಪ ತಡೆದು, ಆಮೇಲೆ ಏಳಬೇಕು. ನಮಸ್ಕರಿಸಿದವನು ಕಂಬವನ್ನೊ ಮಗನ ಕೈಯನ್ನೊ ಹಿಡಿದು ಏಳಬೇಕು. ಒಮ್ಮೆಗೆ ಹೊಟ್ಟೆ ತುಂಬ ಉಣ್ಣದೆ ಅಲ್ಪಾಲ್ಪವಾಗಿ ಉಣ್ಣಬೇಕು. ಉಂಡ ಮೇಲೆ ನೆರಳಿನಲ್ಲಿ ವಿಶ್ರಮಿಸಿ ಹೊರಡಬೇಕು. ಹೃದಯದ ಅಥವಾ ಮೂತ್ರಪಿಂಡದ ರೋಗಕ್ಕಾಗಿ ನೀರನ್ನು ನಿಷೇಧಿಸದಿದ್ದರೆ, ನಿಲ್ಲಬೇಕಾಗಿ ಬರುವ ಮೊದಲು ಒಂದೆರಡು ಲೋಟ ನೀರನ್ನು ಕುಡಿಯಬೇಕು. ವೈದ್ಯನು ರಕ್ತದೊತ್ತಡವನ್ನು ಕುಳಿತಾಗ ಮಾತ್ರವಲ್ಲದೆ ಮಲಗಿಸಿಯೂ ನಿಲ್ಲಿಸಿಯೂ ಅಳೆಯಬೇಕೆಂದು ಮನೆಯವರು ಕೇಳಿಕೊಳ್ಳಬೇಕು. ಇಂಥವರಲ್ಲಿ ಕೆಲವರಿಗೆ ಮಲಗಿದಾಗ ಒತ್ತಡವು ಏರುವುದೂ ಉಂಟಾದುದರಿಂದ ಒಂದೇ ಅಳತೆಯನ್ನು ನೋಡಿ ಔಷಧವನ್ನು ನಿಶ್ಚಯಿಸುವುದು ಅಪಾಯಕರ.

ನಸುಗುನ್ನಿಯ ವಿಷಯದಲ್ಲಿಯೂ ಒಂದು ಮಾತು. ಆತ್ಮಗುಪ್ತಾ, ಕಪಿಕಚ್ಛು ಎಂದು ಸಂಸ್ಕೃತದಲ್ಲಿ ಹೆಸರಾದ ಈ ಬಳ್ಳಿಯ ಬೀಜದಲ್ಲಿ ಲೆವೊಡೋಪವಿರುವುದನ್ನು ಮದರಾಸಿನ ದಾಮೋದರನ್, ರಾಮಸ್ವಾಮಿ ಎಂಬವರು ೧೯೩೭ರಲ್ಲಿ ಬೇರ್ಪಡಿಸಿ ತೋರಿಸಿದರು. ನಮ್ಮ ಮೂಲಿಕೆಯೆಂಬ ಅಭಿಮಾನದಿಂದ, ವೈದ್ಯನು ಕೊಟ್ಟ ಲೆವೊಡೋಪದ ಮೇಲೆ ಇದನ್ನೂ ತಿನ್ನುವವರುಂಟು. ಎರಡರಲ್ಲಿಯೂ ಇರುವುದು ಒಂದೇ ವಸ್ತು. ಲೆವೊಡೋಪಕ್ಕೆ ನಿಂತಾಗಿನ ಒತ್ತಡವನ್ನು ಇಳಿಸುವ ಸ್ವಭಾವವುಂಟು. ಆದುದರಿಂದ ವೈದ್ಯನಿಗೆ ತಿಳಿಸದೆ ಇವೆರಡನ್ನೂ ಸೇರಿಸುವುದೂ, ಕೊಟ್ಟ ಔಷಧವನ್ನು ತಾನಾಗಿ ನಿಲ್ಲಿಸುವುದೂ ಸಲ್ಲದು.

೯. ಉಪಸಂಹಾರ

ಇಷ್ಟರಿಂದ ಸಿದ್ಧವಾದುದೇನೆಂದರೆ: ಕಂಪವಾತವು ನರಕೋಶಗಳ ಕ್ಷಯರೋಗ, ಅದರಲ್ಲಿ ಮಿದುಳಿನ ಲೋಮನಾಳಗಳೂ ತಡೆಯೂ ಪ್ರವಾಹವೂ ವಿಕಾರಹೊಂದುತ್ತವೆ, ಆ ವಿಕಾರವು ರೋಗವನ್ನು ಬೆಳೆಯಿಸುವ ಸಹಕಾರಿಯಾಗಿರಬಹುದು, ಮುಖ್ಯಕಾರಣವೆಂದು ಸಿದ್ಧವಾಗಿಲ್ಲ, ಪಾರ್ಶ್ವವಾಯುವು ಇದಕ್ಕಿಂತ ಬೇರೆ, ನಾಳಜನ್ಯವಾದ ಕಂಪವಾತಾಭಾಸವು ಇವೆರಡಕ್ಕಿಂತಲೂ ಬೇರೆ. ಇವುಗಳ ಜೊತೆಗೆ ಎದ್ದು ನಿಂತಾಗ ಒತ್ತಡವು ಕುಸಿಯುವುದೆಂಬುದು ಕಂಪವಾತಕ್ಕೇ ಸೇರಿದ ಮತ್ತೊಂದು ವಿಕಾರ. ಎಲ್ಲಕ್ಕಿಂತ ಸುಲಭವಾಗಿ ಕಂಡುಹಿಡಿಯಬಹುದಾದುದೂ ಅದೇ.

ಕನ್ನಡದಲ್ಲಿ ಶಾಸ್ತ್ರಗ್ರಂಥಗಳನ್ನು ಬರೆಯುವವರೂ ಪಾಠಹೇಳುವವರೂ ಈ ನಾಲ್ಕಕ್ಕೂ ನಾಲ್ಕು ಹೆಸರುಗಳನ್ನು ನಿಯತವಾಗಿ ಬಳಸಬೇಕೆಂದು ವಿನಯಪೂರ್ವಕವಾಗಿ ಅರಿಕೆಮಾಡಿಕೊಳ್ಳುತ್ತೇನೆ. ಮೇಲೆ ಸೂಚಿಸಿದ ಪದಗಳಿಗಿಂತ ಒಳ್ಳೆಯವು ವಿದ್ವಾಂಸರಿಗೆ ತೋರಿದರೆ ಅವನ್ನೇ ಸ್ವೀಕರಿಸಬಹುದು. ಪದವು ಯಾವುದಾದರೂ ಆಗಲಿ, ಅರ್ಥವು ಒಂದಕ್ಕೊಂದು ಬೆರೆಯದಿರಲಿ. ಕಲಿಸುವವನ ಬಾಯಲ್ಲಿ ಪದವು ಶುದ್ಧವಾದರೆ ಅದು ವಿದ್ಯಾರ್ಥಿಯ ಮೂಲಕ ಮನೆಗೂ, ಮನೆಯಿಂದ ಊರಿಗೂ ಹೋಗುವುದು. ದೇವಸ್ಥಾನದ ಪಂಕ್ತಿಯಿಂದ ಏಳುತ್ತಿರುವ ಮುದುಕನನ್ನು ಯಾರೋ ಒಬ್ಬ ಹುಡುಗನು, ತಾತ, ಸ್ವಲ್ಪ ತಡೆದು ಏಳು, ಎಂದು ಕೈಹಿಡಿಯುವನು. ಶಬ್ದಪರಿಶ್ರಮಕ್ಕೆ ಇದಕ್ಕಿಂತ ಹೆಚ್ಚಿನ ಫಲವು ಬೇಡ.